ದ್ರಾಕ್ಷಿ ನೀರಿನ ಬಾಟಲಿ ಮತ್ತು ನನ್ನ ಮೂಗು

ನನ್ನ ಮೂಗಿನ ಮೇಲೆ ನನಗೆ ಬಹಳ ನಂಬಿಕೆಯಿತ್ತು. ಶಿವಮೊಗ್ಗದ ನಮ್ಮ ಸಭೆಯಲ್ಲಿ ಯಾರು ಶನಿವಾರ ಸಂಜೆ ಎಲ್ಲಿ ಕೂತಿದ್ದರು, ಏನು ಕುಡಿದಿದ್ದರು ಎಂಬುದನ್ನು ಭಾನುವಾರ ಬೆಳಿಗ್ಗೆ ಚರ್ಚಿನ ಬಾಗಿಲಲ್ಲಿ ನಿಂತೇ ಹೇಳಬಲ್ಲವನಾಗಿದ್ದೆ. ಬಂದವರಿಗೆ ಕೀರ್ತನೆ ಪುಸ್ತಕ ಕೊಡುವುದು ನನ್ನ ಕೆಲಸ. ಕೊಡುವಾಗ ಸ್ವಲ್ಪ ಮುಂದಕ್ಕೆ ಬಾಗಿ, "ಎಲ್ಲ ಸಮಾಧಾನವೇ?" ಎಂದು ವಿಚಾರಿಸುತ್ತಿದ್ದೆ. ಉತ್ತರ ಹೇಳಲು ಅವರು ಬಾಯಿ ತೆರೆಯಲೇಬೇಕಲ್ಲ! ನನಗೆ ಅಷ್ಟು ಸಾಕಾಗಿತ್ತು.

ನಾನು ಲೋವರ್ ಸೆಕೆಂಡರಿ ಪಾಸು ಮಾಡಿ ಮಿಷನ್ ಶಾಲೆಯಲ್ಲಿ ಮೂರನೆಯ ತರಗತಿಗೆ ಪಾಠ ಹೇಳುತ್ತಿದ್ದವನು. ಸಭೆಯ ಹಿರಿಯರಲ್ಲಿ ಒಬ್ಬ. ಪಾನನಿರೋಧ ಸಂಘದ ಕಾರ್ಯದರ್ಶಿ. ನನ್ನ ಹೆಂಡತಿ ಸುಗುಣ ತೀರಿಕೊಂಡು ಈಗ ನಾಲ್ಕು ತಿಂಗಳಾಯಿತು. ಅವಳಿದ್ದಿದ್ದರೆ ಇದನ್ನೆಲ್ಲ ಬರೆಯಲು ಬಿಡುತ್ತಿರಲಿಲ್ಲ. "ಮನೆ ಮಾತು ಮನೇಲಿರ್ಲಿ ರೀ" ಎನ್ನುತ್ತಿದ್ದಳು. ಈಗ ಮನೆಯಲ್ಲಿ ಮಾತೇ ಇಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ನನ್ನ ಪದವಿಗಳಲ್ಲಿ ಒಂದನ್ನು ಹೇಳಲು ಬಿಟ್ಟೆ. ತಿಂಗಳಿಗೊಮ್ಮೆ ಚರ್ಚಿನಲ್ಲಿ ಕರ್ತನ ಭೋಜನದ ಸಂಸ್ಕಾರ ನಡೆಯುತ್ತದೆ. ರೊಟ್ಟಿಯ ತುಂಡು, ಒಂದು ಗುಟುಕು ದ್ರಾಕ್ಷಿಯ ರಸ. ಆದರೆ ನಮ್ಮದು ಪಾನನಿರೋಧದ ಸಭೆ. ಹುಳಿ ಬಂದ ದ್ರಾಕ್ಷಾರಸವನ್ನು ಒಳಗೆ ತರುವ ಹಾಗಿಲ್ಲ. ಒಣದ್ರಾಕ್ಷಿಯನ್ನು ನೆನೆಹಾಕಿ, ಕುದಿಸಿ, ಕಿವುಚಿ, ಬಟ್ಟೆಯಲ್ಲಿ ಸೋಸಿ ತೆಗೆದ ನೀರನ್ನೇ ಪಾತ್ರೆಗೆ ಹಾಕಬೇಕು. ಆ ದ್ರಾಕ್ಷಿ ನೀರನ್ನು ತಯಾರಿಸುವ ಭಾಗ್ಯ ನನ್ನದಾಗಿತ್ತು. ಇಡೀ ಸಭೆಯಲ್ಲಿ ಅತ್ಯಂತ ನಂಬಿಗಸ್ತನೆಂದು ನಮ್ಮ ಪಾದ್ರಿ ಅಯ್ಯನವರೇ ನನ್ನನ್ನು ಆರಿಸಿದ್ದರು.

ಸಂಸ್ಕಾರದಲ್ಲಿ ಉಳಿದದ್ದನ್ನು ಮೋರಿಗೆ ಚೆಲ್ಲುವಂತಿಲ್ಲ. ಚರ್ಚಿನ ಹಿಂದಿನ ಗುಲಾಬಿ ಗಿಡದ ಬುಡಕ್ಕೆ ಹಾಕಬೇಕು. ಕೆಲವು ತಿಂಗಳು ಹಾಗೆಯೇ ಮಾಡಿದೆ. ಒಂದು ಭಾನುವಾರ ಮಳೆ ಬರುತ್ತಿತ್ತು. ಗಿಡಕ್ಕೆ ಆಗಲೇ ಸಾಕಷ್ಟು ನೀರು ಸಿಕ್ಕಿದೆ ಎನಿಸಿತು. ಬಾಟಲಿಯನ್ನು ಮನೆಗೆ ತಂದು ಅಟ್ಟದ ಮೇಲಿಟ್ಟು ಮರೆತೆ. ಮೂರು ವಾರದ ಮೇಲೆ ಅದರ ಬಿರಡೆ ತಾನಾಗಿಯೇ ಹಾರಿತು! ಒಳಗೆ ಏನಾಗಿದೆ ಎಂದು ಪರೀಕ್ಷಿಸುವುದು ಪಾನನಿರೋಧ ಸಂಘದ ಕಾರ್ಯದರ್ಶಿಯಾದ ನನ್ನ ಕರ್ತವ್ಯ. ಒಂದು ಚಮಚ ಪರೀಕ್ಷಿಸಿದೆ. ಸಂಶಯ ಪರಿಹಾರವಾಗಲಿಲ್ಲ. ಇನ್ನೊಂದು ಚಮಚ ಪರೀಕ್ಷಿಸಿದೆ.

ಆ ಪರೀಕ್ಷೆ ಆರು ವರ್ಷ ನಡೆಯಿತು.

ನನಗೆ ಹೊಟ್ಟೆಯುಬ್ಬರದ ತೊಂದರೆಯಿತ್ತು. ಆದ್ದರಿಂದ ಅದನ್ನು ಔಷಧಿ ಎಂದು ಕರೆದೆ. ಉಳಿದದ್ದು ಸಾಲದೆ ಬಂದಾಗ, ಪ್ರತಿ ತಿಂಗಳೂ ಸ್ವಲ್ಪ ಹೆಚ್ಚು ಉಳಿಯುವ ಹಾಗೆ ಮಾಡತೊಡಗಿದೆ. ಸುಗುಣ ಒಂದು ದಿನವೂ ಜಗಳವಾಡಲಿಲ್ಲ. "ರೀ, ಇವತ್ತಿನ ಉಬ್ಬರ ಎಷ್ಟು ಚಮಚದ್ದು?" ಎಂದು ಕೇಳಿ ಒಳಗೆ ಹೋಗುತ್ತಿದ್ದಳು. ಭಾನುವಾರ ನಾನು ಕೋಟು ಹಾಕಿಕೊಂಡು ಹೊಸ್ತಿಲು ದಾಟುವಾಗ ನನ್ನ ಅಂಗೈಯಲ್ಲಿ ಎರಡು ಲವಂಗ ಇಡುತ್ತಿದ್ದಳು. ನಾನು ಅದನ್ನು ಬಾಯಿಗೆ ಹಾಕಿಕೊಂಡು, ಇತರರ ಬಾಯಿ ಮೂಸಲು ಹೊರಡುತ್ತಿದ್ದೆ. "ಮೇಷ್ಟ್ರು ಬಂದ್ರೆ ಲವಂಗದ ಪರಿಮಳ ಬರುತ್ತೆ" ಎಂದು ಸಭೆಯ ಹೆಂಗಸರು ಮೆಚ್ಚಿ ಮಾತಾಡುತ್ತಿದ್ದರಂತೆ.

ಹಾಗೆ ಮೆಚ್ಚಿದವರಲ್ಲಿ ಮೊದಲನೆಯವರು ಮಾರ್ತಮ್ಮ. ಮನೆಮನೆಗೆ ಹೋಗಿ ಹೆಂಗಸರಿಗೆ ಬೈಬಲ್ ಓದಿ ಹೇಳುವುದು ಅವರ ಕೆಲಸ. ಒಳ್ಳೆಯ ಮನಸ್ಸು. ಆದರೆ ಯಾರ ಮನೆಗೆ ಹೋದರೂ ಅಡಿಗೆಮನೆಯವರೆಗೆ ನಡೆದು ಪ್ರತಿಯೊಂದು ಪಾತ್ರೆಯ ಮುಚ್ಚಳ ತೆಗೆದು ನೋಡುವ ಅಭ್ಯಾಸ. ಅವರಿಂದ ನನ್ನ ಔಷಧಿಯನ್ನು ಕಾಪಾಡಲು ನಾನೊಂದು ಉಪಾಯ ಮಾಡಿದೆ. ದಪ್ಪ ಅಕ್ಷರದಲ್ಲಿ ಒಂದು ಚೀಟಿ ಬರೆದು ಆ ಬಾಟಲಿಗೆ ಅಂಟಿಸಿದೆ: "ಕರ್ತನ ಭೋಜನಕ್ಕೆ ಮಾತ್ರ. ಯಾರೂ ಮುಟ್ಟಬಾರದು." ಅಂದಿನಿಂದ ಯಾರೂ ಮುಟ್ಟಲಿಲ್ಲ. ನನ್ನ ಜಾಣತನಕ್ಕೆ ನಾನೇ ಬೆರಗಾದೆ!

ಸುಗುಣಳ ತಮ್ಮ ಯಾಕೋಬ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ಕೆಲಸ ಮಾಡುವವನು. ಪಾಳಿ ಮುಗಿಸಿ ಹೊರಗೆ ಬಂದರೆ ಗಂಟಲು ಸುಟ್ಟ ಹಾಗೆ ಆಗುತ್ತದಂತೆ, ಹೆಂಡದಂಗಡಿಗೆ ಹೋಗುತ್ತಿದ್ದ. ಎರಡು ವರ್ಷದ ಹಿಂದೆ ಸಂಸ್ಕಾರದ ಭಾನುವಾರ ಅಕ್ಕನ ಜೊತೆ ಕೂರಲೆಂದು ರೈಲಿನಲ್ಲಿ ಬಂದ. ನಾನು ಬಾಗಿಲಲ್ಲಿದ್ದೆ.

"ಯಾಕೋಬ, ಬಾಯಿ ತೆಗಿ."

"ಭಾವ, ಎಲ್ರೂ ನೋಡ್ತಿದಾರೆ."

"ನೋಡ್ಲಿ. ನಂಟಸ್ತಿಕೆ ಬೇರೆ, ನಿಯಮ ಬೇರೆ. ತೆಗಿ."

ತೆಗೆದ. ನಾನು ಮೂಸಿದೆ. ಸಿಕ್ಕಿಬಿದ್ದ! ಸ್ವಂತ ಭಾವಮೈದುನನೆಂದೂ ನೋಡದೆ ವರದಿ ಮಾಡಿದೆ. ಅವನ ಹೆಸರನ್ನು ಸಂಸ್ಕಾರಕ್ಕೆ ಅರ್ಹರಾದವರ ಪಟ್ಟಿಯಿಂದ ನನ್ನ ಕೈಯಿಂದಲೇ ಹೊಡೆದು ಹಾಕಿದೆ. ಸಭೆಯವರು ನನ್ನ ನಿಷ್ಪಕ್ಷಪಾತವನ್ನು ಕೊಂಡಾಡಿದರು. ಸುಗುಣ ಆ ದಿನ ಅಡಿಗೆ ಮಾಡಿದಳು, ಬಡಿಸಿದಳು, ತಾನು ಊಟ ಮಾಡಲಿಲ್ಲ. ಮುಂದಿನ ಭಾನುವಾರ ಲವಂಗ ಮಾತ್ರ ತಪ್ಪದೆ ಕೊಟ್ಟಳು.

ಹೋದ ವರ್ಷ ಅವಳ ಹೊಟ್ಟೆಯಲ್ಲಿ ಗಡ್ಡೆ ಕಾಣಿಸಿಕೊಂಡಿತು. ತಿಂಗಳುಗಟ್ಟಲೆ ಔಷಧಿಯಾದ ಮೇಲೆ ಡಾಕ್ಟರಮ್ಮ ನನ್ನನ್ನು ಹೊರಗೆ ಕರೆದು, "ಮನೆಗೆ ಕರ್ಕೊಂಡು ಹೋಗಿ ಮೇಷ್ಟ್ರೇ. ಅವ್ರು ಕೇಳಿದ್ದು ಮಾಡಿಕೊಡಿ" ಎಂದರು. ಅವಳು ಕೇಳಿದ್ದು ಒಂದೇ.

"ಯಾಕೋಬನ ಜೊತೆ ಕೂತು ಒಂದ್ಸಲ ಸಂಸ್ಕಾರ ತಗೋಬೇಕು ರೀ. ಒಂದೇ ಪಾತ್ರೆಯಿಂದ. ನಾನು, ಅವನು, ನೀವು. ನಾನು ಹೋದ್ಮೇಲೆ ಅವನನ್ನ ಹೊರಗೆ ನಿಲ್ಲಿಸ್ಬೇಡಿ."

ಅಯ್ಯನವರು ಕರುಣೆಯುಳ್ಳವರು. ಅವರಿಗೆ ವರ್ಷವಿಡೀ ನೆಗಡಿ. ಕರವಸ್ತ್ರದೊಳಗಿಂದಲೇ ತೀರ್ಪು ಹೇಳಿದರು. ಯಾಕೋಬ ಪಾನನಿರೋಧದ ಪ್ರತಿಜ್ಞೆಯ ಕಾರ್ಡಿಗೆ ಸಹಿ ಹಾಕಿದರೆ, ರೋಗಿಯ ಮನೆಯಲ್ಲಿ ನಡೆಯುವ ಸಂಸ್ಕಾರದಲ್ಲಿ ಅವನೂ ಸೇರಬಹುದು. ನಡತೆ ಸರಿಯಾಗಿದ್ದರೆ ತಿಂಗಳ ಕೊನೆಗೆ ಹೆಸರನ್ನು ಮತ್ತೆ ಪಟ್ಟಿಗೆ ಬರೆಯೋಣ. ನಡತೆಯನ್ನು ನೋಡಿಕೊಳ್ಳುವ ಜವಾಬ್ದಾರಿ? ನನ್ನದು!

ಕಾರ್ಡು ಹಿಡಿದು ಭದ್ರಾವತಿಗೆ ಹೋದೆ. ಸ್ಟೇಷನ್ನಿನಲ್ಲಿ ಇಳಿದವನು ನ್ಯೂ ಟೌನಿನಲ್ಲಿದ್ದ ಅವನ ಮನೆಗೆ ಹೋಗಬೇಕಾಗಿತ್ತು. ಆದರೆ ನನ್ನ ಮೂಗಿಗೆ ಅಷ್ಟು ಸುತ್ತು ಹಾಕುವ ಅಗತ್ಯ ಕಾಣಲಿಲ್ಲ. ನೇರವಾಗಿ ಹೆಂಡದಂಗಡಿಗೆ ಹೋಗಿ ಬಾಗಿಲಲ್ಲಿ ನಿಂತೆ. ಮಟಮಟ ಮಧ್ಯಾಹ್ನ. ಕಂಕುಳಲ್ಲಿ ಬೈಬಲ್.

ಅಂಗಡಿಯವನು ಪ್ರೀತಿಯಿಂದ ಕರೆದ. "ಬನ್ನಿ ಸ್ವಾಮಿ, ಒಳಗೆ ಬನ್ನಿ. ಮೊದಲ ಸಲ ಎಲ್ರೂ ಬಾಗಿಲಲ್ಲೇ ನಿಲ್ತಾರೆ."

"ನಾನು ಕುಡಿಯೋನಲ್ಲಪ್ಪ!"

"ಎಲ್ರೂ ಹಂಗೇ ಅಂತಾರೆ. ಪುಸ್ತಕ ಇತ್ಲಾಗಿಡಿ, ಒದ್ದೆಯಾದೀತು."

ಒಳಗಿದ್ದವರು ಜಾಗ ಬಿಟ್ಟು ಸರಿದರು. ಕಾರ್ಖಾನೆಯ ಪಾಳಿ ಬಿಡುವ ಹೊತ್ತು. ದಾರಿಯಲ್ಲಿ ಹೋಗುವವರೆಲ್ಲ ನನ್ನನ್ನೂ ನನ್ನ ಬೈಬಲನ್ನೂ ನೋಡಿಕೊಂಡು ಹೋದರು. ನಾನು ಗಂಭೀರವಾಗಿ, "ಯಾಕೋಬ ಎಲ್ಲಿ?" ಎಂದೆ.

"ಕುಲುಮೆ ಯಾಕೋಬನಾ? ಅಯ್ಯೋ ಮಾರಾಯ್ರೇ, ಅವನು ಈ ಕಡೆ ಬರೋದು ಬಿಟ್ಟು ನಾಕು ತಿಂಗಳಾಯ್ತು. ಅಕ್ಕನಿಗೆ ಸೀರಿಯಸ್ ಅಂತೆ. ಕುಡಿಯಲ್ಲ ಅಂತ ಆಕೆಗೆ ಮಾತು ಕೊಟ್ಟನಂತೆ. ನೀವು ಅವನಿಗೇನಾಗ್ಬೇಕು?"

ಭಾವ ಎನ್ನಲು ನಾಲಿಗೆ ಬರಲಿಲ್ಲ. ನಾಲ್ಕು ತಿಂಗಳಿಂದ ನನಗೆ ಗೊತ್ತಿಲ್ಲದ ಸಂಗತಿ ಹೆಂಡದಂಗಡಿಯವನಿಗೆ ಗೊತ್ತಿತ್ತು.

ಯಾಕೋಬ ಮನೆಯ ಜಗಲಿಯ ಮೇಲೆ ಅಂಗಿ ಒಗೆದು ಹಿಂಡುತ್ತಿದ್ದ. ಕಾರ್ಡನ್ನು ಓದಿ, ಸಹಿ ಹಾಕಿ, "ಭಾವ, ಇನ್ನೊಂದು ಕಾರ್ಡ್ ಇದೆಯಾ?" ಎಂದ.

"ಯಾರಿಗೆ?"

ಅವನು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದ. "ಯಾರಿಗಾದ್ರೂ ಬೇಕಾಗ್ಬೋದು" ಎಂದ.

ಮರುದಿನ ಗುರುವಾರ ಬೆಳಿಗ್ಗೆ ನಮ್ಮ ಮನೆಯಲ್ಲಿ ಸಂಸ್ಕಾರಕ್ಕೆ ಏರ್ಪಾಡಾಯಿತು. ನಾನು ಹೊಸದಾಗಿ ದ್ರಾಕ್ಷಿ ನೀರು ಮಾಡಿ, ಒಂದು ಸಾದಾ ಬಾಟಲಿಗೆ ತುಂಬಿ, ಅಡಿಗೆಮನೆಯಲ್ಲಿಟ್ಟೆ. ಮಂಚದ ಪಕ್ಕ ಮೇಜಿಗೆ ಬಿಳಿ ಬಟ್ಟೆ ಹಾಸಿದೆವು. ಸುಗುಣಳಿಗೆ ಕೂರಲು ಶಕ್ತಿಯಿರಲಿಲ್ಲ. ನಾನು ಬೆನ್ನಿಗೆ ತೋಳು ಕೊಟ್ಟು ಹಿಡಿದುಕೊಂಡೆ. ಅವಳು ಹಕ್ಕಿಯಷ್ಟು ಹಗುರವಾಗಿದ್ದಳು. ಯಾಕೋಬ ಅವಳ ಕಾಲ ಬಳಿ ನೆಲದ ಮೇಲೆ ಕೂತ. ಅಯ್ಯನವರು ಪುಸ್ತಕ ತೆರೆದರು. ಮಾರ್ತಮ್ಮ ಎದ್ದು, "ನೀವು ಅಮ್ಮನ್ನ ಹಿಡ್ಕೊಂಡಿರಿ ಮೇಷ್ಟ್ರೇ, ಬಾಟ್ಲಿ ನಾನು ತರ್ತೀನಿ" ಎಂದು ಹೋದರು.

ತಂದರು. ಚೀಟಿ ಅಂಟಿಸಿದ ಬಾಟಲಿ!

"ಅಡಿಗೆಮನೇಲಿ ಎಂಥದೋ ಕಷಾಯ ಇತ್ತು. ಇದು ಎಲ್ಲೂ ಕಾಣ್ಲಿಲ್ಲ ಅಂತ ಅಟ್ಟದ ಮೇಲೆ ಹುಡುಕಿ ತಂದೆ. ನೀವು ಚೀಟಿ ಅಂಟಿಸಿದ್ದು ಎಷ್ಟು ಒಳ್ಳೇದಾಯ್ತು!"

ಆಗಲೇ ಬಾಯಿ ಬಿಡಬಹುದಾಗಿತ್ತು. ಅಷ್ಟರಲ್ಲಿ ಅಯ್ಯನವರು ಪಾತ್ರೆಗೆ ಬಗ್ಗಿಸಿ ಪ್ರಾರ್ಥನೆ ಶುರು ಮಾಡಿದರು. ಪ್ರಾರ್ಥನೆಯ ನಡುವೆ ಮಾತಾಡುವುದು ಸಭೆಯ ಕ್ರಮಕ್ಕೆ ವಿರುದ್ಧವೆಂದು ನನಗೆ ನೆನಪಾಯಿತು. ನನ್ನ ಜೀವನದಲ್ಲಿ ಸಭೆಯ ಕ್ರಮ ಅಷ್ಟು ಪ್ರಿಯವೆನಿಸಿದ್ದು ಇನ್ನೊಮ್ಮೆ ಇಲ್ಲ.

ಮೊದಲು ಅಯ್ಯನವರು ತೆಗೆದುಕೊಂಡರು. ನೆಗಡಿಯಿಂದ ಅವರಿಗೆ ವಾಸನೆಯೂ ಇಲ್ಲ, ರುಚಿಯೂ ಇಲ್ಲ. ಕಣ್ಣಲ್ಲಿ ನೀರು ಬಂತು. "ಈ ಸಲ ಸ್ವಲ್ಪ ಘಾಟಾಗಿದೆ. ಎದೆಗೆ ಒಳ್ಳೆಯದು" ಎಂದು ಮೆಲ್ಲಗೆ ಹೇಳಿದರು. ಆಮೇಲೆ ಸುಗುಣ. ತುಟಿಗೆ ತಾಗಿದ ಕೂಡಲೇ ಅವಳ ಕಣ್ಣು ಅಗಲವಾಯಿತು. ಕತ್ತು ತಿರುಗಿಸಿ ನನ್ನನ್ನು ನೋಡಿದಳು. ನಕ್ಕಳು. ಎರಡು ತಿಂಗಳಿಂದ ನಗದವಳು, ತೋಳಿನಲ್ಲಿ ಅಲುಗಾಡುವಷ್ಟು ನಕ್ಕಳು!

"ನೋಡಿ, ಆಕೆಯ ಮುಖದಲ್ಲಿ ಎಂಥ ಆನಂದ!" ಎಂದರು ಅಯ್ಯನವರು.

ಪಾತ್ರೆ ಯಾಕೋಬನಿಗೆ ಹೋಯಿತು. ಅವನು ಒಂದು ಗುಟುಕು ನುಂಗಿ, ತಲೆ ತಗ್ಗಿಸಿ, ಎತ್ತಲೇ ಇಲ್ಲ. ಆಮೇಲೆ ಮಾರ್ತಮ್ಮ, ಕೊನೆಗೆ ನಾನು. ಚೆನ್ನಾಗಿ ಮಾಗಿತ್ತು.

ಮಾರ್ತಮ್ಮನಿಗೆ ಹೆಂಡದ ರುಚಿ ಗೊತ್ತಿಲ್ಲ. ವಾಸನೆ ಗೊತ್ತು, ಅವರ ಗಂಡ ಇಪ್ಪತ್ತು ವರ್ಷ ಅದನ್ನು ಕಲಿಸಿ ಸತ್ತಿದ್ದರು. ಮುಕ್ತಾಯದ ಆಶೀರ್ವಾದ ಆಗುತ್ತಿದ್ದಂತೆ ಮೂಗು ಅರಳಿಸಿದರು. "ಅಯ್ಯನವ್ರೇ, ತಪ್ಪು ತಿಳ್ಕೋಬೇಡಿ. ಈ ಕೋಣೇಲಿ ಯಾರೋ ಕುಡಿದಿದಾರೆ."

ಎಲ್ಲರ ಕಣ್ಣೂ ಯಾಕೋಬನ ಮೇಲೆ ಬಿತ್ತು. ಯಾಕೋಬ ನನ್ನನ್ನು ನೋಡಿದ. ನಾನು ಬಾಟಲಿಯನ್ನು ನೋಡಿದೆ. ಸುಗುಣ ನಮ್ಮಿಬ್ಬರನ್ನೂ ನೋಡಿದಳು. ಅವಳ ಮುಖದಲ್ಲಿ ನಗು ಇನ್ನೂ ಸ್ವಲ್ಪ ಉಳಿದಿತ್ತು. ನಾನು ಹೇಳುತ್ತೇನೆಂದು ಕಾಯುತ್ತಿದ್ದಳು.

ಯಾಕೋಬ ಕೈಮುಗಿದ. "ನಾನೇ ಅಯ್ಯನವ್ರೇ. ಸ್ಟೇಷನ್ನಿಂದ ಬರ್ತಾ... ತಡ್ಕೊಳ್ಳೋಕೆ ಆಗ್ಲಿಲ್ಲ."

ಈಗ ನಾನು ಬಾಯಿ ತೆರೆದೆ. ನಿಜವಾಗಿಯೂ ತೆರೆದೆ. ಅದರಿಂದ ಹೊರಬಿದ್ದ ಮಾತು ಇದು:

"ಯಾಕೋಬ! ಇಂಥ ದಿನದಲ್ಲೂ ಹೀಗೆ ಮಾಡೋದಾ?"

ಸುಗುಣಳ ನಗು ಹೋಯಿತು. ಅವಳು ನನ್ನ ತೋಳಿನ ಮೇಲಿಂದಲೇ ಮುಖವನ್ನು ಗೋಡೆಯ ಕಡೆ ತಿರುಗಿಸಿದಳು.

ಹಿತ್ತಲಲ್ಲಿ ಯಾಕೋಬ ಕಾಲು ತೊಳೆಯುತ್ತಿದ್ದಾಗ ಹೋಗಿ ಪಕ್ಕದಲ್ಲಿ ನಿಂತೆ. "ಯಾಕೆ ಹಂಗೆ ಹೇಳ್ದೆ?" ಎಂದೆ. "ಅಕ್ಕನ ಕಣ್ಣೆದುರಿಗೆ ನಿಮ್ಮ ಮಾನ ಹೋಗ್ಬಾರ್ದು ಅಂತ ಭಾವ. ನಂದು ಹೆಂಗೂ ಹೋಗಿದೆ" ಎಂದ. ಚೊಂಬು ಕೆಳಗಿಟ್ಟು, "ನೀವು ಬೈದದ್ದು ಮಾತ್ರ ಹೆಚ್ಚಾಯ್ತು" ಎಂದ.

ಅವಳು ಆಮೇಲೆ ಒಂಬತ್ತು ದಿನ ಇದ್ದಳು. ಬಾಟಲಿಯ ಮಾತೆತ್ತಲಿಲ್ಲ. ಎಂಟನೆಯ ದಿನ ಗಂಜಿ ಕುಡಿಸುತ್ತಿದ್ದಾಗ, "ರೀ, ಇನ್ಮೇಲೆ ನಿಮಗೆ ಲವಂಗ ಯಾರು ಕೊಡ್ತಾರೆ?" ಎಂದಳು. ನಾನು ಚಮಚ ಕೆಳಗಿಟ್ಟು, "ಸುಗುಣ, ನಾನು ಎಲ್ಲ ಹೇಳ್ತೀನಿ. ಯಾಕೋಬನ್ನ ಒಳಗೆ ಕರ್ಕೊಂಡು ಬರ್ತೀನಿ" ಎಂದೆ. "ಹೂಂ" ಎಂದಳು. ನಂಬಿದಳೋ, ದಣಿದಿದ್ದಳೋ ಗೊತ್ತಿಲ್ಲ.

ಅವಳ ಶವಸಂಸ್ಕಾರದ ದಿನ ಯಾಕೋಬ ಚರ್ಚಿನ ಬಾಗಿಲ ಹೊರಗೆ ನಿಂತಿದ್ದ. ಒಳಗೆ ಬರಬಾರದೆಂದು ಯಾರೂ ಹೇಳಿರಲಿಲ್ಲ. ಬಾ ಎಂದೂ ಹೇಳಿರಲಿಲ್ಲ. ನಾನು ಪೆಟ್ಟಿಗೆಯ ಹಿಂದೆ ನಡೆಯುತ್ತಾ ಅವನ ಪಕ್ಕದಲ್ಲೇ ಹಾದು ಹೋದೆ. ಇವತ್ತು ಬೇಡ, ದುಃಖದ ದಿನ ಎಂದುಕೊಂಡೆ. ಮುಂದಿನ ಭಾನುವಾರ, ಇನ್ನೂ ಮನಸ್ಸು ಸರಿಯಿಲ್ಲ ಎಂದುಕೊಂಡೆ. ಅದರ ಮುಂದಿನ ಭಾನುವಾರ ಆರಾಧನೆಯ ಕೊನೆಗೆ ಸಾಕ್ಷಿ ಹೇಳುವ ಕೂಟವಿತ್ತು. ಯಾರು ಬೇಕಾದರೂ ಎದ್ದು ನಿಂತು ತಮ್ಮ ಅಂತರಂಗ ತೋಡಿಕೊಳ್ಳಬಹುದು. ಯಾಕೋಬನಿಗೆ ತಪ್ಪದೆ ಬರಬೇಕೆಂದು ಕಾಗದ ಬರೆದೆ.

ಅಂದು ಬೆಳಿಗ್ಗೆ ಕೋಟು ಹಾಕಿಕೊಂಡೆ. ಧೈರ್ಯಕ್ಕೆಂದು ಅಟ್ಟದ ಮೇಲಿನ ಬಾಟಲಿಯನ್ನು ಇಳಿಸಿ ಮೂರು ಚಮಚ ತೆಗೆದುಕೊಂಡೆ. ಕುಡಿಯುತ್ತಿದ್ದೆನೆಂದು ಒಪ್ಪಿಕೊಳ್ಳಲು ಕುಡಿದು ಹೊರಟ ಮನುಷ್ಯ ನಾನೊಬ್ಬನೇ ಇರಬೇಕು! ಹೊಸ್ತಿಲು ದಾಟುವಾಗ ಅಭ್ಯಾಸಬಲದಿಂದ ಅಂಗೈ ಚಾಚಿದೆ. ಅಂಗೈ ಖಾಲಿಯಾಗಿಯೇ ಉಳಿಯಿತು. ಸ್ವಲ್ಪ ಹೊತ್ತು ಹಾಗೆಯೇ ನಿಂತಿದ್ದು, ಬಾಗಿಲು ಎಳೆದುಕೊಂಡು ನಡೆದೆ.

ಯಾಕೋಬ ಹಿಂದಿನ ಬೆಂಚಿನ ತುದಿಯಲ್ಲಿ ಕೂತಿದ್ದ. ನಾನು ಅವನ ಪಕ್ಕದಿಂದಲೇ ಎದ್ದು ನಿಂತು ಹೇಳಿದೆ. ಆರು ವರ್ಷದ ಪರೀಕ್ಷೆ, ಅಟ್ಟ, ಚೀಟಿ, ಆ ಗುರುವಾರದ ಪಾತ್ರೆ, ಎಲ್ಲ. ಮುಗಿಸುತ್ತಿದ್ದಂತೆ ಹೆಂಗಸರ ಕಡೆಯಿಂದ ಬಿಕ್ಕಿ ಅಳುವ ಸದ್ದು ಶುರುವಾಯಿತು.

"ಎಂಥ ದೊಡ್ಡ ಮನಸ್ಸು!" ಎಂದರು ಮಾರ್ತಮ್ಮ, ಸೆರಗಿನಿಂದ ಕಣ್ಣೊರೆಸುತ್ತಾ. "ಹೆಂಡ್ತಿ ಹೋದ ದುಃಖದಲ್ಲಿ ಅವಳ ತಮ್ಮನ ಪಾಪನೆಲ್ಲ ತನ್ನ ತಲೆ ಮೇಲೆ ಹಾಕ್ಕೊಳ್ತಿದಾರೆ. ಮೇಷ್ಟ್ರೇ, ಕೂತ್ಕೊಳ್ಳಿ. ನಾವೇನು ನಂಬ್ತೀವಾ?"

"ನಿಜ ಮಾರ್ತಮ್ಮ, ನಾನೇ..."

"ಪಾಪ, ನಿದ್ದೆಯಿಲ್ಲ, ಊಟವಿಲ್ಲ" ಎಂದು ಅಯ್ಯನವರು ಕರವಸ್ತ್ರದಲ್ಲಿ ಮೂಗು ಒರೆಸಿಕೊಂಡರು.

ಒಂದು ಕ್ಷಣ, ಒಂದೇ ಕ್ಷಣ, ನನಗೆ ಹಿತವೆನಿಸಿತು. ಹೇಳಿಯಂತೂ ಆಯಿತು, ಹೆಸರೂ ಉಳಿಯಿತು! ಅಷ್ಟರಲ್ಲಿ ಮಾರ್ತಮ್ಮ ನನ್ನನ್ನು ಸಮಾಧಾನ ಮಾಡಲು ಹತ್ತಿರ ಬಂದರು. ಅವರ ಮೂಗು ಅರಳಿತು. ಕಣ್ಣು ಕೆಂಪಾಯಿತು. ತಿರುಗಿ ಯಾಕೋಬನ ಮೇಲೆ ಎರಗಿದರು.

"ಥೂ ನಿನ್ನ! ಅಕ್ಕನ್ನ ಮಣ್ಣು ಮಾಡಿ ಇನ್ನೂ ಮೂರು ವಾರ ಆಗಿಲ್ಲ, ಇವತ್ತೂ ಕುಡಿದು ಬಂದಿದೀಯಲ್ಲೋ! ಅವ್ರು ನಿನಗೋಸ್ಕರ ಅಳ್ತಿದಾರೆ, ಎದ್ದು ಹೋಗೋ ಆಚೆ!"

ಯಾಕೋಬ ಎದ್ದ. ಟವಲನ್ನು ಹೆಗಲ ಮೇಲೆ ಸರಿಮಾಡಿಕೊಂಡ. ಅವನು ಹೊಸ್ತಿಲವರೆಗೆ ಹೋಗಿದ್ದ. ಇನ್ನೇನು ಹೇಳಿದರೂ ಯಾರೂ ನಂಬುತ್ತಿರಲಿಲ್ಲ. ನಾನು ಮಾರ್ತಮ್ಮನ ಎದುರಿಗೆ ಹೋಗಿ, ಅವರ ಮುಖದ ಹತ್ತಿರ ಬಾಗಿ, ಬಾಯಿ ದೊಡ್ಡದಾಗಿ ತೆರೆದು ಉಸಿರು ಬಿಟ್ಟೆ.

"ಹಾ!"

ಮಾರ್ತಮ್ಮ ಎರಡು ಹೆಜ್ಜೆ ಹಿಂದೆ ಸರಿದು ಬೆಂಚಿನ ಮೇಲೆ ಕುಕ್ಕರಿಸಿದರು. ನಾನು ಮುಂದೆ ಹೋಗಿ ಅಯ್ಯನವರ ಎದುರಿಗೂ ಉಸಿರು ಬಿಟ್ಟೆ. ಅವರಿಗೆ ನೆಗಡಿ, ಏನೂ ತಿಳಿಯಲಿಲ್ಲ. ಮಾರ್ತಮ್ಮನೇ ಹಿಂದಿನಿಂದ ಸಣ್ಣ ಧ್ವನಿಯಲ್ಲಿ ಹೇಳಬೇಕಾಯಿತು: "ಅವ್ರೇ, ಅಯ್ಯನವ್ರೇ."

ನನ್ನ ಹೆಸರನ್ನು ಪಟ್ಟಿಯಿಂದ ತೆಗೆಯಬೇಕೆಂದು ಹಿರಿಯರ ಕೂಟ ತೀರ್ಮಾನಿಸಿತು. ನಡವಳಿ ಪುಸ್ತಕ ನನ್ನ ಬಳಿಯೇ ಇತ್ತು, ಅಕ್ಷರವೂ ನನ್ನದೇ ಚೆನ್ನಾಗಿದ್ದದ್ದು. ಆದ್ದರಿಂದ ನನ್ನ ಹೆಸರನ್ನು ನಾನೇ ಹೊಡೆದು ಹಾಕಿ, ಅದರ ಕೆಳಗೆ ಯಾಕೋಬನ ಹೆಸರನ್ನು ಗುಂಡಗೆ ಬರೆದೆ. ಬಾಟಲಿಯಲ್ಲಿ ಉಳಿದದ್ದನ್ನು ಗುಲಾಬಿ ಗಿಡದ ಬುಡಕ್ಕೆ ಸುರಿದೆ. ಗಿಡ ಇನ್ನೂ ಚೆನ್ನಾಗಿದೆ.

ಮುಂದಿನ ಸಂಸ್ಕಾರದ ಭಾನುವಾರ ನಾನು ಹಿಂದಿನ ಬೆಂಚಿನಲ್ಲಿ ಒಬ್ಬನೇ ಕೂತಿದ್ದೆ. ಯಾಕೋಬ ಒಗೆದ ಬಿಳಿ ಅಂಗಿ ಹಾಕಿಕೊಂಡು ಮುಂದೆ ಹೋಗಿ ಮೊಣಕಾಲೂರಿದ. ಒಂದೇ ಪಾತ್ರೆಯಿಂದ ಮೂವರೂ ಎಂದು ಅವಳು ಕೇಳಿದ್ದಳು. ಅವನು ಮೇಜಿನ ಬಳಿಯಿದ್ದ, ನಾನು ಬಾಗಿಲ ಬಳಿಯಿದ್ದೆ, ಅವಳು ಊರಾಚೆ ಮಣ್ಣಿನಲ್ಲಿದ್ದಳು. ಅವಳ ಒಂದು ಆಸೆಯನ್ನು ನಾನು ಇಷ್ಟರ ಮಟ್ಟಿಗೆ ನೆರವೇರಿಸಿದ್ದೆ.

ಯಾಕೋಬ ತಿರುಗಿ ಬಂದು ನನ್ನ ಪಕ್ಕದಲ್ಲಿ ಕೂತ. ಜೇಬಿನಿಂದ ಏನೋ ತೆಗೆದು ನನ್ನ ಅಂಗೈಯಲ್ಲಿಟ್ಟ. ಎರಡು ಲವಂಗ.

"ಈಗ ಯಾಕೋ ಇದು?" ಎಂದೆ.

"ಅಕ್ಕ ಹೇಳಿದ್ಲು. ಕುಡೀಲಿ ಬಿಡ್ಲಿ, ಕೊಡು ಅಂತ."

ನಾನು ಲವಂಗವನ್ನು ಬಾಯಿಗೆ ಹಾಕಿಕೊಂಡೆ. ಮುಂದೆ ಕೀರ್ತನೆ ಶುರುವಾಯಿತು. ಯಾಕೋಬ ನನ್ನ ಕಿವಿಯ ಹತ್ತಿರ ಬಾಗಿದ. "ಭಾವ, ಈ ಸಲ ದ್ರಾಕ್ಷಿ ನೀರು ಮಾರ್ತಮ್ಮ ಮಾಡಿದ್ದು. ಬರೀ ಸಪ್ಪೆ. ನಿಮ್ಮದರ ಹತ್ರಕ್ಕೂ ಬರಲ್ಲ."

ನನ್ನ ಹೆಂಡತಿ ಸತ್ತು ಎರಡು ತಿಂಗಳೂ ಆಗಿರಲಿಲ್ಲ. ಸಭೆಯಲ್ಲಿ ನನ್ನ ಹೆಸರಿರಲಿಲ್ಲ. ಪಶ್ಚಾತ್ತಾಪ ಪಡುವವನಿಗೆಂದು ಬಿಟ್ಟಿದ್ದ ಬೆಂಚಿನ ಮೇಲೆ, ಕಣ್ಣಲ್ಲಿ ನೀರಿಟ್ಟುಕೊಂಡು, ಬಾಯಲ್ಲಿ ಲವಂಗ ಇಟ್ಟುಕೊಂಡು ಕೂತಿದ್ದೆ.

ಆ ಮಾತು ಕೇಳಿ ನನಗೆ ಹೆಮ್ಮೆಯಾಯಿತು!